ಮಕ್ಕಳ ಖುಷಿಗೆ ಸಾಲದ ಲೆಕ್ಕ ಬೇಡ

ಹೊರದೇಶಕ್ಕೆ ಓದಲು ಹೋದವರು ಸ್ಟೇಟಸ್‌ಗೆ ಒಂದು ಫೋಟೊ ಹಾಕಿದರೆ ಸಾಕು, ನಮ್ಮ ಮಂಕಿ ಕಡೆ ಮಾತು ಶುರು: ‘ಅಪ್ಪನಿಗೆ ಸಾಲ, ಮಗನಿಗೆ ಮಜಾ.’ ಇದು ಸರಿಯಲ್ಲ.

ಸ್ಪೇನನ್ನೇ ನೋಡಿ. ಮಧ್ಯಾಹ್ನದ ಊಟ 2 ಗಂಟೆ ಮೇಲೆ, ರಾತ್ರಿಯದು 9ರ ಮೇಲೆ. ಮಾಲಗಾ ಕಡಲತೀರದಲ್ಲಿ ನಮ್ಮ ತಾರ್ಲೆಯಂಥದೇ ಮೀನನ್ನು ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಡುತ್ತಾರೆ. ಗೆಳೆಯರ ಜೊತೆ ಅದನ್ನು ತಿನ್ನುವುದು, ಅಂಗಡಿಯಲ್ಲಿ ಅವರ ಭಾಷೆಯಲ್ಲೇ ಬ್ರೆಡ್ ಕೇಳಿ ತರುವುದು, ಇಂಥ ಚಿಕ್ಕ ಖುಷಿಯಿಂದಲೇ ಒಂಟಿತನ ಕಳೆಯುತ್ತದೆ, ಭಾಷೆಯೂ ಬರುತ್ತದೆ. ಇದೂ ಓದೇ.

ಸಾಲದ ಚಿಂತೆ ಅವರಿಗೂ ಇದೆ. ಮಾತಿಗೆ ಹೆದರಿ ಖುಷಿ ಮುಚ್ಚಿಡುವ ಮಕ್ಕಳು ನಾಳೆ ಕಷ್ಟವನ್ನೂ ಮುಚ್ಚಿಡುತ್ತಾರೆ. ಹಾಗಾಗಿ ಫೋನ್ ಬಂದಾಗ ಮಾರ್ಕ್ಸ್ ಆಮೇಲೆ ಕೇಳಿ, ‘ಇವತ್ತು ಊಟಕ್ಕೆ ಏನಿತ್ತು?’ ಅಂತ ಮೊದಲು ಕೇಳಿ.