ಹಿಂದಿನ ಸಾಲಿನ ವಾದಕ

ನಮ್ಮ ಸಂಗೀತ ಕಚೇರಿಯಲ್ಲಿ ಗಾಯಕನೋ ವೈಣಿಕನೋ ವೇದಿಕೆಯ ನಡುವೆ ವಿರಾಜಮಾನನಾಗಿರುತ್ತಾನೆ. ಜನ ನೆರೆಯುವುದು ಅವನ ಹೆಸರಿಗಾಗಿ. ಪಾಶ್ಚಾತ್ಯರ ವಾದ್ಯವೃಂದದ ರೀತಿಯೇ ಬೇರೆ. ಎಂಬತ್ತು ತೊಂಬತ್ತು ಮಂದಿ ಒಟ್ಟಿಗೆ ಕುಳಿತು ನುಡಿಸುತ್ತಾರೆ. ಶ್ರೋತೃಗಳು ರಚನಕಾರನನ್ನು ಬಲ್ಲರು, ಕೋಲಾಡಿಸುವ ನಿರ್ದೇಶಕನನ್ನು ಬಲ್ಲರು. ಹಿತ್ತಾಳೆಯ ಸುರುಳಿಯೊಂದನ್ನು ತೊಡೆಯ ಮೇಲಿರಿಸಿಕೊಂಡು, ತಾಳ ಎಣಿಸುತ್ತ ತನ್ನ ಸರದಿಗಾಗಿ ಕಾದಿರುವ ಹಿಂದಿನ ಸಾಲಿನವನ ಹೆಸರು ಯಾರಿಗೆ ಬೇಕು? ಆದರೂ ಆ ಸಾಲನ್ನು ಬಿಟ್ಟೇಳದೆಯೇ ಲೋಕಪ್ರಸಿದ್ಧನಾದವನೊಬ್ಬನುಂಟು. ಈ ವಾರ ಆತನ ಪ್ರಸ್ತಾಪ.

ಡೆನಿಸ್ ಬ್ರೈನ್ ಹುಟ್ಟಿದ್ದು ಲಂಡನ್ನಿನಲ್ಲಿ, 1921ರ ಮೇ 17ರಂದು. ತಾತ ಹಾರ್ನ್ ವಾದಕ, ದೊಡ್ಡಪ್ಪ ಹಾರ್ನ್ ವಾದಕ. ತಂದೆ ಆಬ್ರಿ ಬ್ರೈನ್ ಬಿ.ಬಿ.ಸಿ. ಸಿಂಫೊನಿ ವೃಂದದ ಪ್ರಧಾನ ಹಾರ್ನ್ ವಾದಕ. ಇಂಥ ಮನೆಯ ಮಗುವಿಗೆ ವಾದ್ಯವನ್ನು ಮುಟ್ಟುವ ಸ್ವಾತಂತ್ರ್ಯ ಮಾತ್ರ ಸುಲಭವಾಗಿ ಸಿಕ್ಕಲಿಲ್ಲ. ಹಲ್ಲು ದವಡೆಗಳು ಬಲಿಯುವ ಮುನ್ನ ಹಾರ್ನ್ ಕಲಿಯಬಾರದೆಂಬುದು ತಂದೆಯ ಸಿದ್ಧಾಂತ. ಶನಿವಾರ ಬೆಳಿಗ್ಗೆ ಒಂದೆರಡು ಸ್ವರ ಊದಲು ಅಪ್ಪಣೆ, ಅಷ್ಟೇ. ಹದಿನೈದನೆಯ ವಯಸ್ಸಿನಲ್ಲಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿ, ತಂದೆಯ ಶಿಷ್ಯನಾಗಿಯೇ ಆತ ಕ್ರಮವಾದ ಅಭ್ಯಾಸಕ್ಕೆ ತೊಡಗಿದ. 1938ರ ಅಕ್ಟೋಬರಿನಲ್ಲಿ ಬಾಖ್‌ನ ಕೃತಿಯೊಂದರಲ್ಲಿ ತಂದೆ ಮೊದಲ ಹಾರ್ನ್, ಮಗ ಎರಡನೆಯದು. ಅದೇ ಅವನ ರಂಗಪ್ರವೇಶ.

ತಂದೆಯ ಎಚ್ಚರಿಕೆ ಅತಿಯಾಯಿತೆಂದು ತೋರುವವರು ಆ ವಾದ್ಯದ ಸ್ವಭಾವವನ್ನು ಅರಿಯಬೇಕು. ನಮ್ಮ ಜಾತ್ರೆಗಳ ಕೊಂಬಿಗೆ ಅದು ದೂರದ ನೆಂಟ. ನಾಗಸ್ವರದಲ್ಲಿ ರಂಧ್ರಗಳಿವೆ, ಬೆರಳು ಸ್ವರವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಹಾರ್ನ್‌ನಲ್ಲಿ ರಂಧ್ರಗಳಿಲ್ಲ. ಸುರುಳಿಯನ್ನು ಬಿಚ್ಚಿದರೆ ಸುಮಾರು ಹನ್ನೆರಡು ಅಡಿಯ ನಳಿಗೆ. ಎಡಗೈ ಕೀಲಿಗಳನ್ನೊತ್ತಿ ನಳಿಗೆಯ ಉದ್ದವನ್ನು ಹೆಚ್ಚುಕಡಮೆ ಮಾಡಬಹುದು. ಆದರೆ ಅದೇ ಉದ್ದದಲ್ಲಿ ಹತ್ತಾರು ಸ್ವರಗಳು ಅಡಗಿವೆ. ಅವುಗಳಲ್ಲಿ ಬೇಕಾದ್ದನ್ನು ಆರಿಸುವುದು ತುಟಿಯ ಬಿಗಿತ ಮಾತ್ರ. ಸ್ಥಾಯಿ ಏರಿದಂತೆ ಸ್ವರಗಳು ಒಂದನ್ನೊಂದು ಒತ್ತರಿಸಿ ನಿಲ್ಲುತ್ತವೆ. ತುಟಿ ಕೂದಲೆಳೆಯಷ್ಟು ಸಡಿಲಿದರೂ ಪಕ್ಕದ ಸ್ವರ ನುಡಿದು, ತುಂಬಿದ ಸಭೆಯಲ್ಲಿ ಮಾನ ಹೋಗುತ್ತದೆ. ಪಿಟೀಲಿನ ಸಾಲಿನಲ್ಲಿ ಒಬ್ಬನ ತಪ್ಪನ್ನು ಹದಿನೈದು ಮಂದಿ ಮುಚ್ಚಿಕೊಂಡಾರು. ಮೊದಲ ಹಾರ್ನಿಗೆ ಮರೆಯೆಂಬುದೇ ಇಲ್ಲ.

ಯುದ್ಧಕಾಲದಲ್ಲಿ ಬ್ರೈನ್ ವಾಯುಪಡೆಯ ವಾದ್ಯವೃಂದದಲ್ಲಿದ್ದ. ಅವನ ವಾದನಕ್ಕೆ ಮನಸೋತ ಬೆಂಜಮಿನ್ ಬ್ರಿಟನ್ 1943ರಲ್ಲಿ ಗಾಯಕ, ಹಾರ್ನ್ ಮತ್ತು ತಂತಿವಾದ್ಯಗಳಿಗಾಗಿ ‘ಸೆರೆನೇಡ್’ ರಚಿಸಿದ. ಅದರ ಮೊದಲಲ್ಲೂ ಕೊನೆಯಲ್ಲೂ ಹಾರ್ನ್ ಒಂಟಿಯಾಗಿ, ಕೀಲಿಗಳ ನೆರವಿಲ್ಲದೆ, ನಳಿಗೆಯ ಸಹಜ ಸ್ವರಗಳಲ್ಲೇ ನುಡಿಯಬೇಕು. ಅವುಗಳಲ್ಲಿ ಕೆಲವು ಶ್ರುತಿ ತಪ್ಪಿದಂತೆ ಕೇಳಿಸುತ್ತವೆ. ರಚನಕಾರನ ಇಚ್ಛೆಯೂ ಅದೇ. ಕೇಳುಗರು ವಾದಕನ ದೋಷವೆಂದುಕೊಂಡಾರೆಂದು ಅಳುಕುವವನಿಗೆ ಅದು ಒಗ್ಗುವ ಕೃತಿಯಲ್ಲ.

ಯುದ್ಧಾನಂತರ, 1945ರಲ್ಲಿ, ವಾಲ್ಟರ್ ಲೆಗ್ ಫಿಲ್‌ಹಾರ್ಮೋನಿಯ ವೃಂದವನ್ನು ಕಟ್ಟಿದಾಗ ಬ್ರೈನ್ ಅದರ ಪ್ರಧಾನ ಹಾರ್ನ್ ವಾದಕನಾದ. ಇಲ್ಲಿ ನಮ್ಮ ನಾಡಿನ ಮಾತೊಂದು ಬರುತ್ತದೆ. ಆ ವೃಂದದ ಆರಂಭದ ಕಷ್ಟಕಾಲದಲ್ಲಿ ಧನಸಹಾಯ ನೀಡಿದವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರೂ ಅವರೇ. ರಿಚರ್ಡ್ ಸ್ಟ್ರೌಸನ ಕಟ್ಟಕಡೆಯ ನಾಲ್ಕು ಗೀತೆಗಳನ್ನು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಿದಾಗ ನುಡಿಸಿದ್ದು ಇದೇ ವೃಂದ. ಅದಕ್ಕೆ ಹಣದ ಭರವಸೆ ಕೊಟ್ಟವರು ಮಹಾರಾಜರು. ಹಾರ್ನ್ ವಾದಕನ ಮಗನಾದ ಸ್ಟ್ರೌಸ್ ಆ ಗೀತೆಗಳಲ್ಲೊಂದರ ಕೊನೆಯ ಮಾತನ್ನು ಹಾರ್ನಿಗೇ ಬಿಟ್ಟಿದ್ದಾನೆ. ನಮ್ಮ ಅರಮನೆಯ ಅನ್ನದಾನ ಎಲ್ಲೆಲ್ಲಿಗೆ ತಲುಪಿತ್ತೆಂದು ನೆನೆದರೆ ಬೆರಗಾಗುತ್ತದೆ.

1951ರಲ್ಲಿ ಬ್ರೈನ್ ಒಂದು ಕಠಿಣ ನಿರ್ಧಾರ ಕೈಗೊಂಡ. ಅದುವರೆಗೆ ನುಡಿಸುತ್ತಿದ್ದುದು ತಂದೆಯ ಪರಂಪರೆಯ ಫ್ರೆಂಚ್ ಹಾರ್ನ್: ಕಿರಿದಾದ ನಳಿಗೆ, ನವುರಾದ ದನಿ, ಹೆಜ್ಜೆಹೆಜ್ಜೆಗೂ ಅಪಾಯ. ಅದನ್ನು ಬದಿಗಿರಿಸಿ, ಹೆಚ್ಚು ಭದ್ರವಾದ ಜರ್ಮನ್ ಹಾರ್ನನ್ನು ಹಿಡಿದ. ಮನೆತನದ ದನಿಯನ್ನು ಮಾರಿಕೊಂಡನೆಂದು ಮರುಗಿದವರಿದ್ದಾರೆ. ಅವರ ಮರುಕ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗದು. ದಿನಕ್ಕೊಂದು ಧ್ವನಿಮುದ್ರಣ, ಸಂಜೆಗೊಂದು ಕಚೇರಿ ಎಂದು ದುಡಿಯುವವನ ಇಕ್ಕಟ್ಟು ಕುರ್ಚಿಯಲ್ಲಿ ಕುಳಿತು ಕೇಳುವವನಿಗೆ ತಿಳಿಯುವುದಿಲ್ಲ. 1953ರಲ್ಲಿ ಕಾರಯಾನನ ನಿರ್ದೇಶನದಲ್ಲಿ ಆತ ಮುದ್ರಿಸಿದ ಮೊಟ್ಸಾರ್ಟನ ನಾಲ್ಕು ಹಾರ್ನ್ ಕನ್ಸರ್ಟೊಗಳು ಹೊಸ ವಾದ್ಯದಲ್ಲಿ ನುಡಿಸಿದವೇ. ಅವನ್ನು ಕೇಳಿದವರಿಗೆ ಹಾರ್ನ್ ಕಷ್ಟದ ವಾದ್ಯವೆಂಬುದೇ ಮರೆತುಹೋಗುತ್ತದೆ. ವಿನೋದಪ್ರಿಯನೂ ಹೌದು. 1956ರಲ್ಲಿ ಹಾಫ್‌ನುಂಗನ ಹಾಸ್ಯ ಸಂಗೀತೋತ್ಸವದಲ್ಲಿ ತೋಟಕ್ಕೆ ನೀರು ಹಾಯಿಸುವ ರಬ್ಬರು ಕೊಳವೆಯಲ್ಲೇ ಕನ್ಸರ್ಟೊ ನುಡಿಸಿ, ಶ್ರುತಿಗಾಗಿ ಅದನ್ನು ಕತ್ತರಿಯಿಂದ ಕತ್ತರಿಸಿ ಸಭೆಯನ್ನು ನಗಿಸಿದ.

ಅವನ ಇನ್ನೊಂದು ವ್ಯಾಮೋಹ ಕಾರು. ಸ್ವರಲಿಪಿಯ ಬದಲು ಮೋಟಾರು ಪತ್ರಿಕೆ ಅವನ ಎದುರಿಗಿರುತ್ತಿತ್ತೆಂದು ಜೊತೆಗಾರರು ಹೇಳುತ್ತಿದ್ದರು. 1957ರ ಆಗಸ್ಟ್ ಕೊನೆಯಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಫಿಲ್‌ಹಾರ್ಮೋನಿಯ ವೃಂದ ಚೈಕಾಫ್‌ಸ್ಕಿಯ ‘ಪಥೆಟಿಕ್’ ಸಿಂಫೊನಿಯನ್ನು ನುಡಿಸಿತು. ಏಕವಾದಕನಾಗಿ ಅಷ್ಟು ಕೀರ್ತಿ ಪಡೆದಿದ್ದರೂ ಅಂದು ಆತ ಕುಳಿತಿದ್ದುದು ಹಿಂದಿನ ಸಾಲಿನ ತನ್ನ ಕುರ್ಚಿಯಲ್ಲೇ. ಕಚೇರಿ ಮುಗಿದ ಮೇಲೆ ತನ್ನ ಟ್ರಯಂಫ್ ಕಾರಿನಲ್ಲಿ ಒಬ್ಬನೇ ಲಂಡನ್ನಿಗೆ ಹೊರಟ. ಸುಮಾರು ನಾನೂರು ಮೈಲಿಯ ರಾತ್ರಿ ಪ್ರಯಾಣ. ಸೆಪ್ಟೆಂಬರ್ 1ರ ಮುಂಜಾನೆ, ಮನೆ ಇನ್ನು ಸಮೀಪವಾಯಿತೆನ್ನುವಾಗ, ಹ್ಯಾಟ್‌ಫೀಲ್ಡ್ ಬಳಿ ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ವಯಸ್ಸು ಮೂವತ್ತಾರು. ತಂದೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ.

ಅದೇ ವರ್ಷ ಫ್ರಾನ್ಸಿನ ಪುಲಾಂಕ್ ಅವನ ನೆನಪಿಗೆ ಹಾರ್ನ್ ಮತ್ತು ಪಿಯಾನೋಗಳ ಶೋಕಗೀತವೊಂದನ್ನು ರಚಿಸಿದ. ಅಪಘಾತದಲ್ಲಿ ನಜ್ಜುಗುಜ್ಜಾದ ಆ ಜರ್ಮನ್ ಹಾರ್ನನ್ನು ಕುಶಲಕರ್ಮಿಗಳು ತಿದ್ದಿ ಮೊದಲಿನಂತೆ ಮಾಡಿದರು. ಈಗ ಅದು ರಾಯಲ್ ಅಕಾಡೆಮಿಯ ವಸ್ತುಸಂಗ್ರಹದಲ್ಲಿದೆ.