ದೀಕ್ಷಾಸ್ನಾನದ ನೀರು, ತಹಶೀಲ್ದಾರರ ಮೊಹರು

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಮೊದಲೇ ಜಾತಿ ಪಟ್ಟಿಯ ಕೆಲವು ಹೆಸರುಗಳು ಗದ್ದಲ ಎಬ್ಬಿಸಿದವು. ಮಾದಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್, ಲಿಂಗಾಯತ ಕ್ರಿಶ್ಚಿಯನ್, ಬ್ರಾಹ್ಮಣ ಕ್ರಿಶ್ಚಿಯನ್. ಇಂಥ ಜಾತಿಗಳು ಎಲ್ಲಿವೆ ಎಂದು ವಿರೋಧ ಪಕ್ಷ ಕೇಳಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಆಯೋಗ ಆ ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಮರೆಯಾದದ್ದು ಹೆಸರು ಮಾತ್ರ. ಜನ ಎಲ್ಲಿದ್ದರೋ ಅಲ್ಲೇ ಇದ್ದಾರೆ.

ಆ ಗದ್ದಲದಲ್ಲಿ ಮುಳುಗಿಹೋದ ಪ್ರಶ್ನೆಯೊಂದಿತ್ತು: ಕ್ರೈಸ್ತ ಮತಕ್ಕೆ ಸೇರಿಸುವ ದೀಕ್ಷಾಸ್ನಾನ ಆದ ಮೇಲೂ ಮನುಷ್ಯನಿಗೆ ಜಾತಿ ಉಳಿಯಬಹುದೇ? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಇಷ್ಟು ಸಣ್ಣ ಸಮುದಾಯದ ಒಂದು ವಿಧಿಯ ಬಗ್ಗೆ ತುಮಕೂರು ಜಿಲ್ಲೆಯ ತೋವಿನಕೆರೆಯ ಓದುಗರು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನಬಹುದು. ಕಾರಣ ಮನೆ ಬಾಗಿಲಲ್ಲೇ ಇದೆ. ಕೊರಟಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಪಾವಗಡವೂ ಅಷ್ಟೇ, ಮಧುಗಿರಿ 2008ರ ಪುನರ್‌ವಿಂಗಡಣೆಯ ತನಕ ಹಾಗೇ ಇತ್ತು. ಈ ಸೀಮೆಯ ದಲಿತನೊಬ್ಬ ಕ್ರೈಸ್ತನಾಗಿ ದೀಕ್ಷಾಸ್ನಾನ ಪಡೆದರೆ ಆ ಮೀಸಲು ಸ್ಥಾನಕ್ಕೆ ನಾಮಪತ್ರ ಹಾಕುವ ಹಕ್ಕು ಅವನಿಗಿರುವುದಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ಮೇಲೆ ಬಿದ್ದ ನೀರು ತಹಶೀಲ್ದಾರರ ಕಚೇರಿಯ ತನಕ ಹರಿಯುತ್ತದೆ.

ವಿಧಿಯ ಬೇರು ಯೊರ್ದಾನ್ ಹೊಳೆಯಲ್ಲಿದೆ. ಯೋಹಾನನೆಂಬ ಪ್ರವಾದಿ ಅಲ್ಲಿ ಜನರಿಗೆ ಪಶ್ಚಾತ್ತಾಪದ ಸ್ನಾನ ಮಾಡಿಸುತ್ತಿದ್ದ. ಯೇಸುವೂ ಆ ಸಾಲಿನಲ್ಲಿ ಬಂದು ನಿಂತ. ಇದಕ್ಕೆ ಆಳವಾದ ಅರ್ಥ ಕೊಟ್ಟವನು ಅಪೊಸ್ತಲ ಪೌಲ. ನೀರಿಗಿಳಿಯುವವನು ಕ್ರಿಸ್ತನ ಜೊತೆ ಸತ್ತು ಹೂಳಲ್ಪಡುತ್ತಾನೆ, ಮೇಲೆದ್ದಾಗ ಕ್ರಿಸ್ತನ ಜೊತೆಯೇ ಹೊಸ ಬದುಕಿಗೆ ಏಳುತ್ತಾನೆ ಎಂಬುದು ರೋಮಾಪುರದವರಿಗೆ ಅವನು ಬರೆದ ಪತ್ರದ ಸಾರ. ಪಾಪ ತೊಳೆಯುವ ಮಾತು ಇಲ್ಲವೆಂದಲ್ಲ. ಆದರೆ ಪೌಲನ ಕಣ್ಣಿಗೆ ಇದು ಮಡಿಸ್ನಾನಕ್ಕಿಂತ ಮಣ್ಣು ಮಾಡುವ ಕಾರ್ಯಕ್ಕೆ ಹತ್ತಿರ. ಹಳೆಯ ಮನುಷ್ಯ ಅಲ್ಲೇ ಮುಗಿಯಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ: ಈ ಸ್ನಾನ ಪಡೆದವರ ನಡುವೆ ಯೆಹೂದ್ಯ, ಗ್ರೀಕ, ಆಳು, ಒಡೆಯ, ಗಂಡು, ಹೆಣ್ಣು ಎಂಬ ಭೇದ ನಿಲ್ಲುವುದಿಲ್ಲ. ನಮ್ಮ ಊರುಗಳಲ್ಲಿ ಆ ಸಾಲನ್ನು ಓದಿದವರು ಅದರಲ್ಲಿ ಹೊಲಗೇರಿ, ಮೇಲುಕೇರಿ ಎಂದು ಸೇರಿಸಿಕೊಳ್ಳದೇ ಇರುತ್ತಾರೆಯೇ?

ನೀರು ಎಷ್ಟು, ಹೇಗೆ ಎಂಬ ಬಗ್ಗೆ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಕ್ಯಾಥೊಲಿಕರು ಕೂಸಿನ ಹಣೆಗೆ ಮೂರು ಸಲ ನೀರು ಹೊಯ್ದು, ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಜ್ಞಾನಸ್ನಾನ ಎನ್ನುತ್ತಾರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೂ ಮಕ್ಕಳಿಗೆ ದೀಕ್ಷಾಸ್ನಾನ ಉಂಟು. ಬೆಳೆದ ಮೇಲೆ ಅವರೇ ಬಾಯಿಬಿಟ್ಟು ನಂಬಿಕೆ ಹೇಳಿಕೊಳ್ಳುವ ದೃಢೀಕರಣ ಬೇರೆ. ಪೆಂತೆಕೊಸ್ತರು, ಬ್ಯಾಪ್ಟಿಸ್ಟರು ತಿಳಿವಳಿಕೆ ಬಂದವರನ್ನು ಮಾತ್ರ ಪೂರ್ತಿ ಮುಳುಗಿಸುತ್ತಾರೆ. ಈ ಭೇದಕ್ಕೆ ರಕ್ತವೂ ಹರಿದಿದೆ. ವಯಸ್ಕರಿಗೆ ಮತ್ತೆ ಸ್ನಾನ ಕೊಟ್ಟದ್ದಕ್ಕಾಗಿ ಫೆಲಿಕ್ಸ್ ಮಾನ್ಸ್ ಎಂಬಾತನನ್ನು 1527ರಲ್ಲಿ ಜ್ಯೂರಿಕ್ ನಗರದ ಅಧಿಕಾರಿಗಳು ಹೊಳೆಯಲ್ಲೇ ಮುಳುಗಿಸಿ ಕೊಂದರು, ಕೊಂದವರೂ ಕ್ರೈಸ್ತರೇ. ಸಾಲ್ವೇಷನ್ ಆರ್ಮಿಯವರಂತೂ ನೀರಿನ ಗೊಡವೆಗೇ ಹೋಗುವುದಿಲ್ಲ. ಆದಿ ಕ್ರೈಸ್ತರ ‘ದಿದಾಖೆ’ ಎಂಬ ಕೈಪಿಡಿ ಮಾತ್ರ ಬಹಳ ಪ್ರಾಯೋಗಿಕ. ಹರಿಯುವ ನೀರು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಇದ್ದ ನೀರು ಸಾಕು, ಅದೂ ಇಲ್ಲದಿದ್ದರೆ ತಲೆಗೆ ಮೂರು ಸಲ ಸುರಿದರಾಯಿತು ಎನ್ನುತ್ತದೆ. ಪಾವಗಡದ ಬರ ನೋಡಿ ಬರೆದಂತಿದೆ.

ಇನ್ನೂ ಮೂರು ನಿಯಮ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಸಲ. ಸಾಯುವ ಸ್ಥಿತಿಯಲ್ಲಿರುವವರಿಗೆ, ಅವರು ಬಯಸಿದರೆ, ಕ್ರೈಸ್ತನಲ್ಲದ ದಾದಿಯೂ ಸರಿಯಾದ ಉದ್ದೇಶದಿಂದ ಅದನ್ನು ಕೊಡಬಹುದು ಎಂದು ಕ್ಯಾಥೊಲಿಕ್ ಸಭೆ ಒಪ್ಪುತ್ತದೆ. ವಯಸ್ಕನಾದರೆ ಅವನ ಒಪ್ಪಿಗೆ ಇಲ್ಲದೆ ಕೊಟ್ಟ ಸ್ನಾನಕ್ಕೆ ಬೆಲೆಯಿಲ್ಲ. ಆಮಿಷದಿಂದಲೋ ಬೆದರಿಕೆಯಿಂದಲೋ ನೀರು ಹಾಕಿಸುವವನು ಕಾನೂನಿಗೆ ಮೊದಲು ತನ್ನ ಧರ್ಮಕ್ಕೇ ತಪ್ಪಿ ನಡೆದವನು.

ದೀಕ್ಷಾಸ್ನಾನ ಪಡೆದವರ ಲೆಕ್ಕ ಹಾಕುವ ಚಪಲ ಮಿಷನರಿಗಳಿಗೂ ಇತ್ತು. ಅವರಲ್ಲಿ ಅಬ್ಬೆ ದ್ಯುಬುವಾ ಅಪರೂಪದ ಪ್ರಾಮಾಣಿಕ. ಮೈಸೂರು ಸೀಮೆಯಲ್ಲಿ ಸನ್ಯಾಸಿಯ ಉಡುಪಿನಲ್ಲಿ ದಶಕಗಳ ಕಾಲ ಅಲೆದ ಈ ಫ್ರೆಂಚ್ ಪಾದ್ರಿ 1823ರಲ್ಲಿ ಹಿಂತಿರುಗಿ ಪ್ರಕಟಿಸಿದ ಪತ್ರಗಳಲ್ಲಿ, ತಾನು ಇಷ್ಟು ವರ್ಷಗಳಲ್ಲಿ ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹೆಚ್ಚಿನವರು ಗತಿಯಿಲ್ಲದೆ ಬಂದವರು ಎಂದು ಒಪ್ಪಿಕೊಂಡಿದ್ದಾನೆ. ಈಗಿನ ಮತಾಂತರದ ಭಾಷಣಕಾರರು ಎರಡೂ ಕಡೆ ಉರುಳಿಸುವ ಅಂಕಿಗಳ ಮುಂದೆ ಆ ಮಾತು ತಂಪೆನಿಸುತ್ತದೆ.

ಸ್ನಾನ ಪಡೆದವರು ತೆತ್ತ ಬೆಲೆಯ ಕತೆ ಮಂಗಳೂರಿನಲ್ಲಿದೆ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್‌ನಲ್ಲಿ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗಲಭೆಯಾಯಿತು. ಹೆಂಡತಿ ಅವನ ಜೊತೆ ಬರಲು ಒಪ್ಪಲಿಲ್ಲ. ಮತ ಬಿಟ್ಟವನ ಆಸ್ತಿ ಹಕ್ಕನ್ನು ಕಾಯುವ ಕಾಯ್ದೆಯನ್ನು ಕಂಪನಿ ಸರ್ಕಾರ ತಂದದ್ದು 1850ರಲ್ಲಿ. ಬಡವರ ಪಾಡು ಇನ್ನೂ ಕಷ್ಟ. ದೀಕ್ಷಾಸ್ನಾನ ಪಡೆದ ದಿನವೇ ಒಡೆಯನ ಗದ್ದೆ, ಕುಲಕಸುಬು, ಕೆಲವೊಮ್ಮೆ ಸೂರೂ ಹೋಗುತ್ತಿತ್ತು. ಅಂಥವರಿಗೆ ದುಡಿಮೆ ಕೊಡಲೆಂದೇ ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿನ ಹಿಂದೆ ದೀಕ್ಷಾಸ್ನಾನದ ಅರ್ಥಶಾಸ್ತ್ರವಿದೆ.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಗೆ ಬಂದದ್ದು ನಮ್ಮದೇ ಕೋಲಾರ ಚಿನ್ನದ ಗಣಿಯಲ್ಲಿ. 1967ರಲ್ಲಿ ಕೆಜಿಎಫ್ ಮೀಸಲು ಕ್ಷೇತ್ರದಿಂದ ಎಸ್. ರಾಜಗೋಪಾಲ್ ಗೆದ್ದರು. ಎದುರಾಳಿ ಸಿ.ಎಂ. ಆರ್ಮುಗಂ ಕೋರ್ಟಿಗೆ ಹೋದರು: ರಾಜಗೋಪಾಲ್ 1949ರಲ್ಲೇ ಕ್ರೈಸ್ತರಾದವರು, ಆದಿ ದ್ರಾವಿಡರಾಗಿ ಉಳಿದಿಲ್ಲ. ಹೈಕೋರ್ಟ್ ಒಪ್ಪಿತು, ಸುಪ್ರೀಂ ಕೋರ್ಟೂ ಒಪ್ಪಿತು, ಆಯ್ಕೆ ರದ್ದಾಯಿತು. 1972ರಲ್ಲಿ ಅದೇ ಕ್ಷೇತ್ರ, ಅದೇ ಇಬ್ಬರು, ಅದೇ ವ್ಯಾಜ್ಯ. ಈ ಸಲ ಸುಪ್ರೀಂ ಕೋರ್ಟ್ ಬೇರೆ ತೀರ್ಪು ಕೊಟ್ಟಿತು. ರಾಜಗೋಪಾಲ್ ಹಿಂದೂ ಧರ್ಮಕ್ಕೆ ಮರಳಿದ್ದಾರೆ, ಆದಿ ದ್ರಾವಿಡರು ಅವರನ್ನು ತಮ್ಮವರೆಂದು ಒಪ್ಪಿದ್ದಾರೆ, ಆದ್ದರಿಂದ ಆಯ್ಕೆ ಸಿಂಧು. ದಕ್ಷಿಣ ಭಾರತದಲ್ಲಿ ಕ್ರೈಸ್ತನಾದ ಮಾತ್ರಕ್ಕೆ ಜಾತಿ ಹೋಗಿಯೇ ಹೋಗುತ್ತದೆ ಎನ್ನಲಾಗದು ಎಂದೂ ನ್ಯಾಯಪೀಠ ಹೇಳಿತು. 2015ರ ಕೆ.ಪಿ. ಮನು ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ: ಅಜ್ಜನ ಕಾಲದಲ್ಲಿ ಮತ ಬಿಟ್ಟವರ ಮೊಮ್ಮಗನೂ ಮರಳಿ ಬಂದರೆ, ಸಮುದಾಯ ಒಪ್ಪಿದರೆ, ಜಾತಿ ಮತ್ತೆ ಸಿಗುತ್ತದೆ.

ಇದರ ಒಳಗಿನ ವೈಚಿತ್ರ್ಯ ಗಮನಿಸಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆ ಮೊದಲು ಬಹುಮಟ್ಟಿಗೆ ಹಿಂದೂಗಳನ್ನಷ್ಟೇ ಪರಿಶಿಷ್ಟ ಜಾತಿಯವರೆಂದು ಒಪ್ಪಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತನಿಗೆ ಮಾತ್ರ ಆ ಆದೇಶ ಪೌಲನ ಭಾಷೆಯಲ್ಲಿ ಮಾತಾಡುತ್ತದೆ: ನೀನು ಮುಳುಗಿದೆ, ನಿನ್ನ ಜಾತಿ ಸತ್ತಿತು. ಅವನೇ ಮರಳಿ ಬಂದರೆ ಸತ್ತ ಜಾತಿ ಎದ್ದು ಕೂರುತ್ತದೆ. ದೀಕ್ಷಾಸ್ನಾನದ ಶಕ್ತಿಯ ಮೇಲೆ ಭಾರತ ಸರ್ಕಾರಕ್ಕಿರುವಷ್ಟು ವಿಶ್ವಾಸ ಬಹುಶಃ ಯಾವ ಬಿಷಪ್ಪರಿಗೂ ಇಲ್ಲ.

ಬಿಷಪ್ಪರಿಗೆ ಇಲ್ಲದಿರಲು ಕಾರಣ ಅವರ ಕಣ್ಣ ಮುಂದೆಯೇ ಇದೆ. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ ಒಂದೇ ಬಲಿಪೀಠಕ್ಕೆ ಎರಡು ಕವಲಿನ ಚರ್ಚು ಕಟ್ಟಿ, ಮೇಲಿನವರಿಗೊಂದು, ಕೆಳಗಿನವರಿಗೊಂದು ಎಂದು ಹಂಚಿದ್ದರು. ನಡುವಿನ ಗೋಡೆ ಬಿದ್ದದ್ದು 1910ರಲ್ಲಿ. ತಿರುಚ್ಚಿಯಲ್ಲಿ ಕ್ರೈಸ್ತರ ಸ್ಮಶಾನಕ್ಕೇ ಜಾತಿ ಗೋಡೆ ಹಾಕಿದ್ದರು. ಭಾರತದ ಕ್ಯಾಥೊಲಿಕ್ ಬಿಷಪ್ಪರ ಒಕ್ಕೂಟ ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು 2016ರ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿತು. ದಲಿತ ಸಮುದಾಯದ ಮೊದಲ ಕಾರ್ಡಿನಲ್ ಆಗಿ ಹೈದರಾಬಾದಿನ ಆ್ಯಂಟನಿ ಪೂಲ ನೇಮಕವಾದದ್ದು 2022ರಲ್ಲಿ. ಈ ವಿಷಯದಲ್ಲಿ ಚರ್ಚಿಗೆ ರಿಯಾಯಿತಿ ಕೊಡಬೇಕಿಲ್ಲ. ಮತಾಂತರದಿಂದ ದಲಿತ ಕ್ರೈಸ್ತನ ಸ್ಥಿತಿ ಬದಲಾಗಿಲ್ಲ ಎಂದು ಅಂಬೇಡ್ಕರ್ ದೂರಿದ್ದೂ ಇದಕ್ಕೇ.

ಕರ್ನಾಟಕ ಸರ್ಕಾರಕ್ಕೆ ಈ ಸತ್ಯ ಅರ್ಧ ಗೊತ್ತು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಅದು ಪ್ರವರ್ಗ 1ರಲ್ಲೂ ಉಳಿದ ಕ್ರೈಸ್ತರನ್ನು 3ಬಿಯಲ್ಲೂ ಇಟ್ಟಿದೆ. ಸ್ನಾನದ ನಂತರವೂ ಹಿಂದಿನ ಜಾತಿ ಲೆಕ್ಕಕ್ಕಿದೆ ಎಂದು ಒಪ್ಪಿದಂತೆಯೇ ಆಯಿತಲ್ಲ! ಅದೇ ರಾಜ್ಯದಲ್ಲಿ ‘ಮಾದಿಗ ಕ್ರಿಶ್ಚಿಯನ್’ ಎಂದು ಬರೆಸುವುದು ಷಡ್ಯಂತ್ರವೆನಿಸಿತು.

ವಿರೋಧಿಸುವವರೆಲ್ಲ ದ್ವೇಷಿಗಳಲ್ಲ. ಮಾದಿಗ ಸಂಘಟನೆಗಳು ಮೂರು ದಶಕ ಹೋರಾಡಿ 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿ ಪಡೆದವು. ಪರಿಶಿಷ್ಟ ಜಾತಿಗಳ ಶೇ 17ರಲ್ಲಿ ಮಾದಿಗರಿರುವ ಎಡಗೈ ಗುಂಪಿಗೆ 6, ಬಲಗೈ ಗುಂಪಿಗೆ 6, ಉಳಿದವರಿಗೆ 5. ಆ ಆರರೊಳಗೆ ಚರ್ಚಿನ ಶಾಲೆಯಲ್ಲಿ ಓದಿದವರು ಬಂದು ಕೂತರೆ ಹಟ್ಟಿಯ ಹುಡುಗರ ಗತಿಯೇನು ಎಂಬ ಭಯ ನ್ಯಾಯವಾದದ್ದೇ. ಜಾತಿಯಿಲ್ಲ ಎಂದು ಸಾರುವ ಧರ್ಮ ಜಾತಿಯ ಪಾಲು ಕೇಳುವುದು ಹೇಗೆ ಎಂಬ ಪ್ರಶ್ನೆಯೂ ಹಗುರದ್ದಲ್ಲ. 2024ರ ನವೆಂಬರ್‌ನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚರ್ಚಿಗೆ ಹೋಗುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ಪುದುಚೇರಿಯ ಆ ಹೆಣ್ಣುಮಗಳ ವಿರುದ್ಧ ನಿಂತ ಸಾಕ್ಷ್ಯಗಳಲ್ಲಿ ಅವಳು ಎಳೆಗೂಸಾಗಿದ್ದಾಗಿನ ಜ್ಞಾನಸ್ನಾನದ ದಾಖಲೆಯೂ ಇತ್ತು.

ಮೀಸಲಾತಿಯ ಮಾತು ಹಾಗಿರಲಿ, ಬೈಗುಳದ ಮಾತು ಬೇರೆ. ಪಾವಗಡದ ಗಡಿಯಾಚೆಗಿನ ಆಂಧ್ರದಲ್ಲಿ 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಕೊಟ್ಟ ತೀರ್ಪು ಇದನ್ನು ಬಿಡಿಸಿ ತೋರಿಸಿತು. ತನ್ನನ್ನು ಜಾತಿ ಹಿಡಿದು ನಿಂದಿಸಿ ಹಲ್ಲೆ ಮಾಡಿದರೆಂದು ದಲಿತ ಮೂಲದ ಪಾಸ್ಟರ್ ಒಬ್ಬರು ದೂರು ಕೊಟ್ಟಿದ್ದರು. ಕ್ರೈಸ್ತರಾದ ಮೇಲೆ ಅವರು ಪರಿಶಿಷ್ಟ ಜಾತಿಯವರಲ್ಲ, ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸದು ಎಂದು ಕೋರ್ಟ್ ಪ್ರಕರಣವನ್ನೇ ರದ್ದು ಮಾಡಿತು. 1950ರ ಆದೇಶದ ಅಕ್ಷರಕ್ಕೆ ಅದು ಸರಿಯೇ ಇರಬಹುದು. ಆದರೆ ಜಾತಿ ಹಿಡಿದು ಬೈಯುವವನು ಚರ್ಚಿನ ರಿಜಿಸ್ಟರ್ ತಿರುವಿ ನೋಡಿ ಬೈಯುವುದಿಲ್ಲ.

ಮತಾಂತರಗೊಂಡ ದಲಿತರ ಸ್ಥಾನಮಾನ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಅದರ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಗಿದೆ. ಅದಕ್ಕೂ ಮೊದಲು, 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಸ್ಥಾನಕ್ಕೂ ಧರ್ಮಕ್ಕೂ ಇರುವ ಗಂಟು ಬಿಚ್ಚಿ ಎಂದು ಶಿಫಾರಸು ಮಾಡಿತ್ತು. ಮೀಸಲು ಸ್ಥಾನ, ಸರ್ಕಾರಿ ನೌಕರಿಗಳ ಹಂಚಿಕೆಗೆ ಅಂಕಿಅಂಶ ಬೇಕು, ಸಮಯವೂ ಬೇಕು. ಈಗಿರುವವರ ಪಾಲು ಕರಗದಂತೆ ಪ್ರಮಾಣ ಹೆಚ್ಚಿಸುವ ದಾರಿಯನ್ನೂ ಹುಡುಕಬೇಕು. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಗೆ ಇಷ್ಟೆಲ್ಲ ಕಾಯಬೇಕಾಗಿಲ್ಲ. ಪೆಟ್ಟು ತಿಂದವನ ಧರ್ಮ ಕೇಳದೆ ಹೊಡೆದವನು ಯಾಕೆ ಹೊಡೆದ ಎಂದು ಮಾತ್ರ ಕೇಳುವ ತಿದ್ದುಪಡಿ ಸಂಸತ್ತಿನ ಒಂದು ಅಧಿವೇಶನದ ಕೆಲಸ.

ಚರ್ಚುಗಳ ಪಾಲಿನ ಕೆಲಸಕ್ಕೆ ಯಾವ ಆಯೋಗವೂ ಬೇಡ. ಧರ್ಮಪ್ರಾಂತ್ಯಗಳು ತಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳ ನೇಮಕಾತಿಯಲ್ಲಿ ದಲಿತ ಕ್ರೈಸ್ತರಿಗೆ ಸಿಕ್ಕಿದ್ದೆಷ್ಟು, ಸಭೆಯ ಆಡಳಿತ ಸಮಿತಿಗಳಲ್ಲಿ ಅವರು ಎಷ್ಟಿದ್ದಾರೆ ಎಂಬ ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸಲಿ. ಸ್ಮಶಾನದ ಗೋಡೆ ಎಲ್ಲಾದರೂ ಉಳಿದಿದ್ದರೆ ಅದನ್ನು ಕೆಡವುವುದಕ್ಕೆ ಬಿಷಪ್ಪರ ಒಂದು ಆಜ್ಞೆ ಸಾಕು. ದೆಹಲಿಯಲ್ಲಿ ಮೂರನೇ ಕಂಡಿಕೆ ತೆಗೆಯಿರಿ ಎಂದು ಮನವಿ ಕೊಡುವ ನಿಯೋಗಗಳು ಆ ಪಟ್ಟಿಯನ್ನೂ ಜೊತೆಗೆ ಒಯ್ದರೆ ಅವರ ಮಾತಿಗೆ ಈಗಿಲ್ಲದ ತೂಕ ಬಂದೀತು.