ಗಾಳಿಗೂ ಸುಂಕದಕಟ್ಟೆ

ಕೂಲಿಯವರಿಗೆ ಟೀವಿ ಯಾಕ್ರೀ ಬೇಕು, ದುಡಿದು ತಿನ್ನಲಿ ಅನ್ನುವ ಮಾತು ಮೂರು ಹೊತ್ತೂ ಟೀವಿ ಮುಂದೆ ಕೂತವರ ಬಾಯಿಂದಲೇ ಬರುತ್ತದೆ. ಇವರ ಅಜ್ಜಂದಿರು ಓದು ಯಾಕೆ ಅಂದಿದ್ದರು.

ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸಾರ್ವಜನಿಕ ಎಂಬ ಪದ ನಮಗೇನು ಹೊಸದೆ? ಮಹಾಡಿನ ಕೆರೆಯನ್ನೂ 1924ರಲ್ಲಿ ಪುರಸಭೆ ಎಲ್ಲರದೆಂದು ಸಾರಿತ್ತು. 1927ರಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತುವ ತನಕ ಅದು ಬರೀ ಕಾಗದ. ಎತ್ತಿದ ಮೇಲೂ ನಮ್ಮವರಿಗೆ ಏಟು ಬಿತ್ತು. ತರಂಗದ ಕೆರೆಗೆ ಇಳಿಯುವವನನ್ನು ಈಗ ಜಾತಿ ಕೇಳುವುದಿಲ್ಲ, ರೀಚಾರ್ಜ್ ಆಗಿದೆಯಾ ಅಂತಾರೆ.

2013ರಲ್ಲಿ ಬೆಂಗಳೂರಿಗೆ ಸೆಟ್‌ಟಾಪ್ ಬಾಕ್ಸು ಕಡ್ಡಾಯವಾಯಿತು. 2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರ. ಬೇಕಾದ ಚಾನೆಲ್ಲಿಗೆ ಮಾತ್ರ ಕಾಸು ಕೊಡಿ ಅಂದರು, ಚೆನ್ನಾಗಿತ್ತು ಮಾತು. ಆದರೆ ಒಂದು ಪೇ ಚಾನೆಲ್ಲನ್ನೂ ಆರಿಸುವ ಮೊದಲೇ ತಂತಿ ಬಾಡಿಗೆ ಅಂತ 130 ರೂಪಾಯಿವರೆಗೆ ಕೇಳಬಹುದಿತ್ತು. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ಒಟ್ಟು 153 ರೂಪಾಯಿ 40 ಪೈಸೆ! ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿಗೂ ಅದೇ ರೇಟು, ಪಕ್ಕದ ಗಗನಚುಂಬಿಯ ಧಣಿಗೂ ಅದೇ ರೇಟು. ಸಮಾನತೆ ಅಂದರೆ ಇದೇ ನೋಡಿ ಸ್ವಾಮಿ. 2024ರಲ್ಲಿ ಆ 130ರ ಮಿತಿಯನ್ನೂ ಕಿತ್ತುಹಾಕಿ, ಮಾರುಕಟ್ಟೆ ನೋಡಿಕೊಳ್ಳುತ್ತದೆ ಅಂದರು. ನಮ್ಮನ್ನು ಮಾರುಕಟ್ಟೆ ಹೇಗೆ ನೋಡಿಕೊಳ್ಳುತ್ತದೆ ಅಂತ ಹಮಾಲಿಯ ಬೆನ್ನು ಕೇಳಿ.

2020ರಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಬಂತು. ಊರೂರ ಕೇರಿಗಳಲ್ಲಿ ಜನ ತಾವೇ ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದರು. ನಿಲ್ಲಿಸಿ ಅಂತ ಚಾನೆಲ್ಲಿನ ಮುಖ್ಯಸ್ಥರಿಗೆ ಬೆದರಿಕೆ ಕರೆಗಳೂ ಹೋದವು. ಆ ಬೆದರಿಕೆ ಎಲ್ಲರಿಗೂ ಕೇಳಿಸಿತು. ಸದ್ದಿಲ್ಲದ ಇನ್ನೊಂದು ತಡೆ ಯಾರಿಗೂ ಕಾಣಲಿಲ್ಲ. ಅದು ಕಾಸಿನ ಚಾನೆಲ್ಲು. ಕೊರೋನಾದ ವರ್ಷ, ಕೂಲಿ ಇಲ್ಲ. ನಮ್ಮ ವಠಾರದ ಗಾರ್ಮೆಂಟ್ಸ್ ಅಕ್ಕ, “ದುಡ್ಡು ಮುಗೀತು ಅಂತ ತೋರಿಸ್ತೈತೆ ಕಣಪ್ಪಾ, ಅಂಬೇಡ್ಕರು ಬರೋ ಹೊತ್ತಿಗೇ” ಅಂದಳು. ರೀಚಾರ್ಜ್ ಇದ್ದ ಒಂದೇ ಮನೆಯ ಹೊಸ್ತಿಲಾಚೆ ಹುಡುಗರು ಗುಂಪುಗಟ್ಟಿದರು. ಶಾಲೆಯಲ್ಲಿ ಬೇರೆ ಗೋಣಿತಟ್ಟಿನ ಮೇಲೆ ಕೂತವರ ಕತೆಯನ್ನು ಬಾಗಿಲ ಹೊರಗೆ ನಿಂತು ನೋಡಿದರು.

ಫ್ರೀ ಡಿಶ್ ಹಾಕಿಸಿಕೊಳ್ಳಿ, ತಿಂಗಳ ಬಾಡಿಗೆ ಇಲ್ಲವಲ್ಲ ಅನ್ನುತ್ತಾರೆ ತಿಳಿದವರು. ನಿಜ, ಚಂದನ ಅದರಲ್ಲಿ ಬರುತ್ತದೆ, ‘ಮಹಾನಾಯಕ’ ಬರಲಿಲ್ಲ. ಡಿಶ್ ಇಡಲು ಸೂರು ನಮ್ಮದಾಗಿರಬೇಕಲ್ಲ? ಶೀಟಿನ ಮಾಡಿಗೆ ಮೊಳೆ ಹೊಡೆಯಲು ಓನರ್ರು ಬಿಡುವುದಿಲ್ಲ. ಬಿಟ್ಟರೂ, ಎದುರಿಗೆ ಎದ್ದ ಅಪಾರ್ಟ್‌ಮೆಂಟು ಆಕಾಶವನ್ನೇ ಕಬಳಿಸಿದೆ. ಅದೇ ವರ್ಷ ಸರ್ಕಾರ ಹೈಸ್ಕೂಲು ಮಕ್ಕಳಿಗೆ ಚಂದನದಲ್ಲೇ ಪಾಠ ಮಾಡಿತು. ಕೇಬಲ್ ಕಟ್ಟಾದ ಮನೆಯ ಮಗು ಏನು ಮಾಡಬೇಕಿತ್ತು?

ಮೊಬೈಲಿನ ಆಟ ಬೇರೆ. 2023ರಲ್ಲಿ ಐಪಿಎಲ್ ಪುಕ್ಕಟೆ, 2025ಕ್ಕೆ ಚಂದಾ. ಮೊದಲು ರುಚಿ ಹತ್ತಿಸು, ಆಮೇಲೆ ರೇಟು ಹೇಳು. ಸಾರಾಯಿ ಗುತ್ತಿಗೆದಾರರ ಹಳೇ ವಿದ್ಯೆ.

ಪಕ್ಕದ ತಮಿಳುನಾಡು 2011ರಲ್ಲಿ ಸರ್ಕಾರಿ ಕೇಬಲ್ಲನ್ನು ತಿಂಗಳಿಗೆ 70 ರೂಪಾಯಿಗೆ ಕೊಟ್ಟಿತು. ಡಬ್ಬಿಂಗ್ ಬೇಡ ಅಂತ ದಶಕಗಟ್ಟಲೆ ಗುಡುಗಿದ ನಮ್ಮ ಕನ್ನಡಾಭಿಮಾನಿಗಳು, ಕನ್ನಡದ ಚಾನೆಲ್ಲು ಕೂಲಿಯವನ ಕೈಗೆಟುಕುತ್ತದಾ ಅಂತ ಒಂದು ದಿನ ಕೇಳಿದ್ದುಂಟಾ?

ಬಿಪಿಎಲ್ ಮನೆಗಳ ತಂತಿ ಬಾಡಿಗೆಯನ್ನು ಸರ್ಕಾರ ಕಟ್ಟಲಿ. ಸೂರಿನ ಮೇಲೆ ಡಿಶ್ ಇಡುವ ಹಕ್ಕು ಬಾಡಿಗೆದಾರನಿಗೆ ಸಿಗಲಿ. ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲಿ ಎಷ್ಟು ಮನೆಯ ಟೀವಿ ಈ ತಿಂಗಳು ಕತ್ತಲಾಗಿದೆ ಅಂತ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದೇ ವಿಧಾನಸೌಧಕ್ಕೆ ಹೋಗೋಣ.